ಎಲೆಯಡಿಕೆ ಡಬ್ಬಿಯಲ್ಲಿ ಸಿಕ್ಕ ಮಾತ್ರೆಗಳು

ಹಿರಿಯರ ಸಕ್ಕರೆ ಕಾಯಿಲೆಯ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಕೇಳಿದ್ದೆ. ಪಥ್ಯದ ಬಗ್ಗೆ, ರಾಗಿ ಮುದ್ದೆ ತಿನ್ನಬಹುದೇ ಮಾವಿನ ಹಣ್ಣು ತಿನ್ನಬಹುದೇ ಎಂಬುದರ ಬಗ್ಗೆ ಹೆಚ್ಚು ಪತ್ರಗಳು ಬರುತ್ತವೆಂದು ಎಣಿಸಿದ್ದೆ. ಬಂದದ್ದು ಬಹುಪಾಲು ಮಾತ್ರೆಯ ಬಗ್ಗೆ, ಅದರಲ್ಲೂ ನುಂಗದೆ ಉಳಿದ ಮಾತ್ರೆಯ ಬಗ್ಗೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಆರಕ್ಕೆ ಇಳಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಾವನವರಿಗೆ 74 ವರ್ಷ. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ದಿನವೂ ನಾನೇ ಮಾತ್ರೆ ಬಿಡಿಸಿ ಅವರ ಕೈಗೆ ಕೊಡುತ್ತೇನೆ. ಆದರೂ ಮೂರು ತಿಂಗಳ ಸರಾಸರಿ ಸಕ್ಕರೆ 9.6 ಬಂತೆಂದು ಡಾಕ್ಟರು ಎರಡು ಬಾರಿ ಡೋಸ್ ಹೆಚ್ಚಿಸಿದರು. ಕಳೆದ ವಾರ ಅವರ ಎಲೆಯಡಿಕೆ ಡಬ್ಬಿ ತೊಳೆಯಲು ತೆಗೆದಾಗ ತಳದಲ್ಲಿ ನಲವತ್ತಕ್ಕೂ ಹೆಚ್ಚು ಮಾತ್ರೆಗಳಿದ್ದವು. ಕೇಳಿದರೆ ಸಿಟ್ಟಾಗಿ ಊಟ ಬಿಡುತ್ತಾರೆ. ಪುಡಿ ಮಾಡಿ ಮುದ್ದೆಯಲ್ಲಿ ಬೆರೆಸಿ ಕೊಡಬಹುದೇ? (ತಿಪಟೂರು ತಾಲ್ಲೂಕಿನ ಗೃಹಿಣಿ)

ಉತ್ತರ: ಬೇಡಮ್ಮ. ಮೊದಲ ಕಾರಣ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಅನೇಕ ಬಾರಿ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯಾಗಿರುತ್ತದೆ. ಮಾತ್ರೆಯ ಹಾಳೆಯ ಮೇಲೆ ಹೆಸರಿನ ಮುಂದೆ ಎಸ್‌ಆರ್ ಅಥವಾ ಎಕ್ಸ್‌ಆರ್ ಎಂದಿದ್ದರೆ ಅದನ್ನು ಪುಡಿ ಮಾಡಬಾರದು, ಅಗಿಯಲೂಬಾರದು. ಇಡೀ ದಿನಕ್ಕೆಂದು ಇರುವ ಔಷಧಿ ಒಮ್ಮೆಗೇ ಹೊಟ್ಟೆಗಿಳಿದು ಭೇದಿ, ವಾಕರಿಕೆ ಶುರುವಾಗುತ್ತದೆ. ಎರಡನೆಯದು ಇನ್ನೂ ಗಂಭೀರ. ಗ್ಲಿಮೆಪಿರೈಡ್‌ನಂಥ ಮಾತ್ರೆ ತಮ್ಮ ಹೊಟ್ಟೆಯಲ್ಲಿದೆ ಎಂದು ತಿಳಿಯದ ಮನುಷ್ಯ ಸಿಟ್ಟಿನಲ್ಲಿ ಮಧ್ಯಾಹ್ನದ ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ, ಯಾಕೆ ಕುಸಿಯಿತೆಂದು ಅವರಿಗೂ ಗೊತ್ತಾಗುವುದಿಲ್ಲ. ಮೂರನೆಯದನ್ನು ನೀವೇ ಊಹಿಸಬಲ್ಲಿರಿ. ಒಂದು ದಿನ ಮುದ್ದೆಯಲ್ಲಿ ಕಹಿ ಸಿಕ್ಕರೆ ಅವರು ಆಮೇಲೆ ನಿಮ್ಮ ಕೈಯ ಮುದ್ದೆಯನ್ನೂ ನಂಬುವುದಿಲ್ಲ.

ಈಗ ಆ ಡಬ್ಬಿಯ ವಿಷಯಕ್ಕೆ ಬರೋಣ. ಅದನ್ನು ಚೆಲ್ಲಿರದಿದ್ದರೆ ಒಳ್ಳೆಯದು, ಏಕೆಂದರೆ ಲ್ಯಾಬಿನ ವರದಿಗಿಂತ ಹೆಚ್ಚಿನ ಮಾಹಿತಿ ಅದರಲ್ಲಿದೆ. ಒಂದು ತಟ್ಟೆಗೆ ಸುರಿದು ಬಣ್ಣ ಮತ್ತು ಆಕಾರದ ಪ್ರಕಾರ ಬೇರೆ ಬೇರೆ ಮಾಡಿ, ಈಗ ಕೊಡುತ್ತಿರುವ ಹಾಳೆಗಳೊಂದಿಗೆ ಹೋಲಿಸಿ, ಯಾವುದು ಉಳಿದಿದೆ ನೋಡಿ. ದೊಡ್ಡ, ಉದ್ದನೆಯ ಬಿಳಿ ಮಾತ್ರೆಯೊಂದೇ ಉಳಿದಿದ್ದರೆ ಅದು ಬಹುಶಃ ಮೆಟ್‌ಫಾರ್ಮಿನ್; ಹೊಟ್ಟೆ ಉಬ್ಬರದಿಂದಲೋ, ಬೆಳಿಗ್ಗೆ ಎರಡು ಮೂರು ಸಲ ಬಯಲಿಗೆ ಹೋಗಬೇಕಾಗುವ ಮುಜುಗರದಿಂದಲೋ, ಅಥವಾ ಗಂಟಲಲ್ಲಿ ಸಿಕ್ಕಿಕೊಳ್ಳುವ ಹೆದರಿಕೆಯಿಂದಲೋ ಬಿಟ್ಟಿರುತ್ತಾರೆ. ಹೊಟ್ಟೆ ಕೆಡುವ ಸಂಗತಿಯನ್ನು ಸೊಸೆಯೆದುರು ಹೇಳಿಕೊಳ್ಳಲು ನಮ್ಮ ಕಡೆಯ ಮಾವಂದಿರು ಸಂಕೋಚಪಡುತ್ತಾರೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಊಟದ ನಡುವೆ ಕೊಟ್ಟರೆ, ಡೋಸನ್ನು ಇಳಿಸಿ ನಿಧಾನವಾಗಿ ಏರಿಸಿದರೆ, ಎಸ್‌ಆರ್ ಬಗೆಗೆ ಬದಲಿಸಿದರೆ ಈ ತೊಂದರೆ ಬಹುಪಾಲು ತಗ್ಗುತ್ತದೆ. ಚಿಕ್ಕ ಮಾತ್ರೆ, ಅಂದರೆ ಗ್ಲಿಮೆಪಿರೈಡ್, ಉಳಿದಿದ್ದರೆ ಎಂದಾದರೂ ಒಮ್ಮೆ ತೋಟದಲ್ಲಿ ಒಬ್ಬರೇ ಇದ್ದಾಗ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬಂದಿರಬೇಕು. ಅಂಥ ಅನುಭವವಾದ ಮನುಷ್ಯ ಆ ಮಾತ್ರೆಯನ್ನು ದೂರ ಇಡುವುದು ಹಟವಲ್ಲ, ಬುದ್ಧಿವಂತಿಕೆಯೇ ಸರಿ. ಬಿಪಿಗೆ ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆ ಉಳಿದಿದ್ದರೆ ಸಂತೆಗೋ ಮದುವೆಗೋ ಬಸ್ಸಿನಲ್ಲಿ ಹೋಗುವ ದಿನ ಅದನ್ನು ತಪ್ಪಿಸಿರುತ್ತಾರೆ. ಎಲ್ಲ ಬಗೆಯ ಮಾತ್ರೆಯೂ ಸಮಸಮ ಉಳಿದಿದ್ದರೆ ಮಾತ್ರ ಬೇಸರ, ಮಂಕು, ‘ಇನ್ನೆಷ್ಟು ದಿನ ಬದುಕಬೇಕು’ ಎಂಬ ಭಾವ ಇದೆಯೇ ಎಂದು ವಿಚಾರಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು, ಅದಕ್ಕೆ ಚಿಕಿತ್ಸೆಯೂ ಇದೆ.

ನೀವು ಈ ವಾರವೇ ಮಾಡಬೇಕಾದ ಕೆಲಸ ಒಂದಿದೆ. ಆ ತಟ್ಟೆಯ ಮಾತ್ರೆಗಳನ್ನು ಹಾಗೆಯೇ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿ ಹೋಗಿ, ನಡೆದದ್ದನ್ನು ಹೇಳಿ. ಅವರು ಎರಡು ಬಾರಿ ಡೋಸ್ ಹೆಚ್ಚಿಸಿದ್ದು, ಮಾವನವರು ಹಿಂದಿನ ಡೋಸನ್ನು ನುಂಗುತ್ತಿದ್ದಾರೆ ಎಂಬ ನಂಬಿಕೆಯ ಮೇಲೆ. ನಾಳೆ ಕಾಲು ಜಾರಿಯೋ ಜ್ವರ ಬಂದೋ ಅವರು ಆಸ್ಪತ್ರೆ ಸೇರಿದರೆ, ಚೀಟಿಯಲ್ಲಿ ಬರೆದಷ್ಟನ್ನೂ ನರ್ಸ್ ಎದುರಲ್ಲೇ ನಿಂತು ನುಂಗಿಸುತ್ತಾರೆ. ಎಂದೂ ಪೂರ್ತಿ ತೆಗೆದುಕೊಳ್ಳದ ಔಷಧಿ ಒಮ್ಮೆಗೇ ಮೈಗೆ ಸೇರಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಇದನ್ನು ನಾವು ವೈದ್ಯರು ಕಂಡಿದ್ದೇವೆ, ಮತ್ತು ನಾಚಿಕೆಯ ಮಾತೆಂದರೆ, ‘ತಿಂಗಳಲ್ಲಿ ಎಷ್ಟು ಮಾತ್ರೆ ಉಳಿಯುತ್ತದೆ ಅಜ್ಜಾ?’ ಎಂದು ಕೇಳುವ ಮೊದಲು ಡೋಸ್ ಹೆಚ್ಚಿಸಲು ಪೆನ್ನು ತೆಗೆಯುವುದು ನಮಗೆ ಅಭ್ಯಾಸವಾಗಿದೆ. ದೀರ್ಘಕಾಲದ ಕಾಯಿಲೆಗಳಲ್ಲಿ ಔಷಧಿಯನ್ನು ಹೇಳಿದಂತೆ ತೆಗೆದುಕೊಳ್ಳುವವರ ಪ್ರಮಾಣ ಮುಂದುವರಿದ ದೇಶಗಳಲ್ಲೇ ಸರಾಸರಿ ಶೇ 50ರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿತ್ತು. ಹಾಗಾಗಿ ನಿಮ್ಮ ಮಾವನವರು ಲೋಕದಲ್ಲಿಲ್ಲದ ಅಪರಾಧವನ್ನೇನೂ ಮಾಡಿಲ್ಲ.

ಕೇಳುವ ರೀತಿಯ ಬಗ್ಗೆ ಒಂದು ಮಾತು. ‘ಮಾತ್ರೆ ತಗೊಂಡ್ರಾ?’ ಎಂಬ ಪ್ರಶ್ನೆಗೆ ‘ಹೂಂ’ ಎಂಬುದೊಂದೇ ಉತ್ತರ. ‘ಈ ದೊಡ್ಡ ಮಾತ್ರೆ ನಿಮಗೆ ಒಗ್ಗುತ್ತಿಲ್ಲವೇನೋ ಮಾವ, ಡಾಕ್ಟರಿಗೆ ಹೇಳಿ ಬದಲಾಯಿಸೋಣವಾ?’ ಎಂದರೆ ಬೇರೆ ಮಾತು ಹೊರಬಂದೀತು. ಮೊಮ್ಮಕ್ಕಳೆದುರು ಮಾತ್ರ ಕೇಳಬೇಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 71. ಎಂಟು ವರ್ಷಗಳಿಂದ ಗ್ಲಿಮೆಪಿರೈಡ್ 2 ಮಿಲಿಗ್ರಾಂ ಮತ್ತು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಈ ಸಲ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.4 ಬಂದಿದೆ. ಸಕ್ಕರೆ ಸರಿಯಾಗಿದ್ದ ಮೇಲೆ ಮಾತ್ರೆ ಏಕೆ? ಹೆಚ್ಚು ಕಾಲ ನುಂಗಿದರೆ ಮೂತ್ರಪಿಂಡ ಹಾಳಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನೆರೆಯವರೊಬ್ಬರು ಮಾತ್ರೆ ಬಿಟ್ಟು ಇನ್ಸುಲಿನ್ ಗಿಡದ ಎಲೆ ಅಗಿಯುತ್ತಿದ್ದಾರೆ. (ಶಿರಸಿ)

ಉತ್ತರ: ಮೇಷ್ಟ್ರೇ, ನಿಮ್ಮ ಮೊದಲ ಪ್ರಶ್ನೆಗೆ ಎಲ್ಲ ವೈದ್ಯರೂ ಕೊಡುವ ಉತ್ತರವೆಂದರೆ, ಸಕ್ಕರೆ ಸರಿಯಿರುವುದು ಮಾತ್ರೆಯಿಂದಲೇ, ಬಿಟ್ಟರೆ ಮತ್ತೆ ಏರುತ್ತದೆ ಎಂಬುದು. ಅದು ನಿಜ. ಆದರೆ ನಿಮ್ಮ ಸಂದರ್ಭದಲ್ಲಿ ಆ ಉತ್ತರ ಅರ್ಧ ಮಾತ್ರ. ಎಪ್ಪತ್ತು ದಾಟಿದವರಿಗೆ 6.4ರಷ್ಟು ಬಿಗಿಯಾದ ಹತೋಟಿ ಬೇಕಿಲ್ಲ. ಬೇರೆ ದೊಡ್ಡ ಕಾಯಿಲೆಗಳಿಲ್ಲದೆ ಚುರುಕಾಗಿರುವ ಹಿರಿಯರಿಗೆ 7ರಿಂದ 7.5ರ ಒಳಗೆ, ಹೃದಯ, ಮೂತ್ರಪಿಂಡ, ಮರೆವು ಹೀಗೆ ಹಲವು ತೊಂದರೆಗಳಿರುವವರಿಗೆ 8ರ ಒಳಗೆ ಇದ್ದರೆ ಸಾಕೆಂಬುದು ಈಗ ರೂಢಿಯಲ್ಲಿರುವ ಮಾರ್ಗಸೂಚಿ. ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತ 6.4ಕ್ಕೆ ಬಂದವರಲ್ಲಿ ದಿನದ ಯಾವುದೋ ಹೊತ್ತಿನಲ್ಲಿ, ವಿಶೇಷವಾಗಿ ಮಧ್ಯಾಹ್ನದ ಊಟ ತಡವಾದಾಗ ಅಥವಾ ಬೆಳಗಿನ ಜಾವ, ಬೆರಳು ಚುಚ್ಚಿ ನೋಡುವ ಸಕ್ಕರೆ 70ರ ಕೆಳಗೆ ಇಳಿಯುತ್ತಿರಬಹುದು. ಆದ್ದರಿಂದ ನೀವೇ ನಿಲ್ಲಿಸಬೇಡಿ. ‘ಗ್ಲಿಮೆಪಿರೈಡನ್ನು 1 ಮಿಲಿಗ್ರಾಂಗೆ ಇಳಿಸಬಹುದೇ, ಅಥವಾ ಬಿಡಬಹುದೇ?’ ಎಂದು ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ. ಕೇಳಿದರೆ ಅವರಿಗೆ ಬೇಸರವಾಗುತ್ತದೆಂದು ಭಾವಿಸಬೇಡಿ, ಬೇಸರವಾದರೂ ಕೇಳಿ. ಅಂದಹಾಗೆ, ಹಳೆಯ ಚೀಟಿಯ ಮೇಲೆಯೇ ಇದೇ ಗುಂಪಿನ ಗ್ಲಿಬೆನ್‌ಕ್ಲಾಮೈಡ್ ತೆಗೆದುಕೊಳ್ಳುತ್ತಿರುವ ಹಿರಿಯರು ಓದುಗರಲ್ಲಿದ್ದರೆ ಅವರೂ ಇದೇ ಪ್ರಶ್ನೆ ಕೇಳಬೇಕು. ಅದರ ಪರಿಣಾಮ ಬಹಳ ಹೊತ್ತು ಉಳಿಯುವುದರಿಂದ ವಯಸ್ಸಾದವರಿಗೆ ಅದನ್ನು ತಪ್ಪಿಸುವುದು ಒಳ್ಳೆಯದು.

ಮೂತ್ರಪಿಂಡದ ವಿಷಯದಲ್ಲಿ ಕಾರಣವೂ ಪರಿಣಾಮವೂ ತಿರುವುಮುರುವಾಗಿವೆ. ಮೂತ್ರಪಿಂಡವನ್ನು ಕೆಡಿಸುವುದು ವರ್ಷಗಟ್ಟಲೆ ಏರಿಯೇ ಇರುವ ಸಕ್ಕರೆ ಮತ್ತು ರಕ್ತದೊತ್ತಡ, ಮೆಟ್‌ಫಾರ್ಮಿನ್ ಅಲ್ಲ. ಆದರೆ ಬೇರೆ ಕಾರಣದಿಂದ ಮೂತ್ರಪಿಂಡ ಸೋತಾಗ ಮೆಟ್‌ಫಾರ್ಮಿನ್ ಹೊರಹೋಗದೆ ಮೈಯಲ್ಲಿ ಕೂಡಿಕೊಳ್ಳುತ್ತದೆ. ಹೀಗಾಗಿ ಮೂತ್ರಪಿಂಡ ರಕ್ತವನ್ನು ಎಷ್ಟು ಸೋಸುತ್ತಿದೆ ಎಂದು ತಿಳಿಸುವ ಇಜಿಎಫ್‌ಆರ್ ಎಂಬ ಅಳತೆ 45ರ ಕೆಳಗಿಳಿದರೆ ಡೋಸ್ ತಗ್ಗಿಸುತ್ತೇವೆ, 30ರ ಕೆಳಗೆ ಹೋದರೆ ನಿಲ್ಲಿಸುತ್ತೇವೆ. ‘ಡಾಕ್ಟರೇ ನಿಲ್ಲಿಸಿದರು ಎಂದ ಮೇಲೆ ಅದರಿಂದಲೇ ಕೆಟ್ಟಿತು’ ಎಂದು ಊರ ಕಟ್ಟೆಯಲ್ಲಿ ಮಾತಾಗುವುದು ಹೀಗೆ. ಮೆಟ್‌ಫಾರ್ಮಿನ್‌ನ ಮೇಲೆ ಹೊರಿಸಬಹುದಾದ ನಿಜವಾದ ದೂರು ಬೇರೆ: ದೀರ್ಘಕಾಲ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುತ್ತದೆ. ನೀವು ಸಸ್ಯಾಹಾರಿಗಳಾಗಿದ್ದು ಪಾದ ಜುಮ್ಮೆನ್ನುತ್ತಿದ್ದರೆ ಆ ಪರೀಕ್ಷೆ ಮಾಡಿಸಿ. ಈ ಎಲ್ಲ ಶಿಸ್ತಿನಿಂದ ಫಲವುಂಟೇ ಎಂದು ಕೇಳಿದರೆ, ಬ್ರಿಟನ್ನಿನಲ್ಲಿ 1977ರಿಂದ 1997ರವರೆಗೆ ಐದು ಸಾವಿರಕ್ಕೂ ಹೆಚ್ಚು ಮಧುಮೇಹಿಗಳನ್ನು ಗಮನಿಸಿದ ಯುಕೆಪಿಡಿಎಸ್ ಅಧ್ಯಯನದಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಿಗೆ ಕಣ್ಣು ಮತ್ತು ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳ ತೊಂದರೆ ಕಾಲುಭಾಗದಷ್ಟು ಕಡಿಮೆಯಾಯಿತು.

ಎಲೆಯ ಬಗ್ಗೆ ನನ್ನ ತಕರಾರು ಎಲೆಯ ಮೇಲಲ್ಲ. ಹಾಗಲಕಾಯಿ, ಮೆಂತ್ಯ, ನೇರಳೆ ಬೀಜ ಇವು ಸಕ್ಕರೆಯನ್ನು ತುಸು ಇಳಿಸಬಹುದು. ಎಷ್ಟು ಇಳಿಸುತ್ತವೆ ಎಂಬುದು ಎಲೆಯಿಂದ ಎಲೆಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಮಾತ್ರೆ ಬಿಟ್ಟು ಅದನ್ನೇ ನಂಬಿದರೆ ಒಂದು ತೊಂದರೆ, ಮಾತ್ರೆಯ ಮೇಲೆ ಅದನ್ನೂ ಸೇರಿಸಿ ವೈದ್ಯರಿಗೆ ಹೇಳದಿದ್ದರೆ ಇನ್ನೊಂದು ತೊಂದರೆ. ಹೆಸರಿಲ್ಲದ ಪೊಟ್ಟಣದ ಪುಡಿಗಳಿಂದ ಮಾತ್ರ ದೂರವಿರಿ. ಮಂಡಿನೋವಿಗೆಂದು ಮಾರುವ ಕೆಲವದರಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ, ಅದು ಸಕ್ಕರೆಯನ್ನು ಸರ್ರನೆ ಏರಿಸುತ್ತದೆ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ, ಮೈಸೂರಿನಲ್ಲಿ ಅಪ್ಪ ಅಮ್ಮ ಇಬ್ಬರೇ. ಅಪ್ಪನಿಗೆ 78. ಬೆಳಗಾದರೆ ವಿಡಿಯೊ ಕರೆ ಮಾಡಿ ನೆನಪಿಸುತ್ತೇನೆ, ‘ತಗೊಂಡೆ ಕಣೋ’ ಎನ್ನುತ್ತಾರೆ. ಕಳೆದ ತಿಂಗಳು ಊರಿಗೆ ಬಂದಾಗ ನೋಡಿದರೆ ಒಂದೇ ಔಷಧಿ ಎರಡು ಹೆಸರಿನಲ್ಲಿ ಇತ್ತು, ಎರಡನ್ನೂ ತೆಗೆದುಕೊಳ್ಳುತ್ತಿದ್ದರು. ಇದನ್ನು ದೂರದಿಂದ ಹೇಗೆ ನಿಭಾಯಿಸುವುದು?

ಉತ್ತರ: ತಪ್ಪು ನಿಮ್ಮ ತಂದೆಯದಲ್ಲ. ಒಂದೇ ಔಷಧಿಗೆ ನಮ್ಮಲ್ಲಿ ಹತ್ತಾರು ವ್ಯಾಪಾರಿ ಹೆಸರುಗಳಿವೆ. ಹೃದಯದ ವೈದ್ಯರು ಒಂದು ಹೆಸರಿನಲ್ಲಿ ಬರೆಯುತ್ತಾರೆ, ಸಕ್ಕರೆಯ ವೈದ್ಯರು ಇನ್ನೊಂದರಲ್ಲಿ. ಅಂಗಡಿಯವರು ಆ ಸ್ಟಾಕ್ ಇಲ್ಲವೆಂದು ಮೂರನೆಯದನ್ನು ಕೊಡುತ್ತಾರೆ. ಹಾಳೆಯ ಮೇಲಿನ ಅಕ್ಷರ ಇಂಗ್ಲಿಷಿನಲ್ಲಿ, ಅದೂ ಇರುವೆಸಾಲಿನಷ್ಟು ಸಣ್ಣದಾಗಿ, ಹೊಳೆಯುವ ತಗಡಿನ ಮೇಲೆ. ಹತ್ತು ಮಾತ್ರೆಯ ಹಾಳೆಯಿಂದ ನಾಲ್ಕನ್ನು ಕತ್ತರಿಸಿ ಕೊಟ್ಟರೆ ಹೆಸರಿರುವ ತುಂಡು ಅಂಗಡಿಯಲ್ಲೇ ಉಳಿಯುತ್ತದೆ. ಹೀಗಿರುವಾಗ ಪೊರೆ ಬಂದ ಕಣ್ಣಿನ ಹಿರಿಯರು ‘ಕೆಂಪು ಗೆರೆಯ ಹಾಳೆ ಬೆಳಿಗ್ಗೆ, ನೀಲಿಯದು ರಾತ್ರಿ’ ಎಂದು ಬಣ್ಣವನ್ನು ನೆಚ್ಚುತ್ತಾರೆ. ಕಂಪನಿ ಬದಲಾದ ತಿಂಗಳು ಆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಮುಂದಿನ ಸಲ ಬಂದಾಗ ಮನೆಯಲ್ಲಿರುವ ಎಲ್ಲ ಔಷಧಿಯನ್ನೂ, ಫ್ರಿಜ್ಜಿನ ಬಾಗಿಲಿನಲ್ಲಿರುವುದನ್ನೂ ದೇವರ ಕೋಣೆಯ ಗೂಡಿನಲ್ಲಿರುವುದನ್ನೂ ಬಿಡದೆ, ಒಂದು ಕೈಚೀಲಕ್ಕೆ ತುಂಬಿ ಒಬ್ಬರೇ ವೈದ್ಯರ ಮುಂದೆ ಸುರಿಯಿರಿ. ಯಾವುದು ಬೇಕು, ಯಾವುದು ಬೇಡ ಎಂದು ಅವರಿಂದಲೇ ಬೇರ್ಪಡಿಸಿಕೊಂಡು, ಉಳಿದದ್ದನ್ನು ಒಂದು ರಟ್ಟಿನ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ: ಔಷಧಿಯ ಮೂಲ ಹೆಸರು, ಯಾವುದಕ್ಕೆ, ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ನಂತರವೋ. ಅಂಗಡಿಯನ್ನು ಒಂದಕ್ಕೆ ಸೀಮಿತಗೊಳಿಸಿ, ಹೆಸರಿರುವ ತುಂಡನ್ನೇ ಕೊಡಬೇಕೆಂದು ತಾಕೀತು ಮಾಡಿ.

ಡಬ್ಬಿಯ ವಿಷಯ. ವಾರದ ಏಳು ದಿನಕ್ಕೆ ಬೆಳಿಗ್ಗೆ ರಾತ್ರಿ ಎಂದು ಹದಿನಾಲ್ಕು ಮನೆಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ನನಗೆ ಪರಿಚಯದ ಒಬ್ಬ ಅಜ್ಜಿಗೆ ಅದರ ಮುಚ್ಚಳ ತೆರೆಯಲು ಬೆರಳು ಬಗ್ಗುತ್ತಿರಲಿಲ್ಲ. ಅವರು ಹಳೆಯ ಸ್ಟೀಲಿನ ಸಾಂಬಾರ ಡಬ್ಬಿಯನ್ನು, ಒಳಗೆ ಏಳು ಬಟ್ಟಲಿರುವುದನ್ನು, ತೊಳೆದು ಒರೆಸಿ ಒಂದೊಂದು ಬಟ್ಟಲಿಗೆ ಒಂದೊಂದು ವಾರದ ಹೆಸರನ್ನು ಅಂಟಿಸಿದ್ದರು. ಮಾತ್ರೆಯನ್ನು ಹಾಳೆಯಿಂದ ಬಿಡಿಸದೆ, ಒಂದೊಂದನ್ನೇ ಕತ್ತರಿಸಿ ಹಾಳೆಸಮೇತ ಹಾಕುತ್ತಿದ್ದರು, ತೇವ ತಾಗದಿರಲೆಂದು. ಡಬ್ಬಿಯನ್ನು ಕಾಫಿಪುಡಿಯ ಪಕ್ಕದಲ್ಲಿ ಇಟ್ಟಿದ್ದರು. ಮಾತ್ರೆ ಮರೆತಾರು, ಕಾಫಿ ಮರೆಯುವುದುಂಟೇ? ನಿಮ್ಮ ತಾಯಿ ಭಾನುವಾರ ಡಬ್ಬಿ ತುಂಬಲಿ, ಕ್ಯಾಮೆರಾದ ಮುಂದೆ ನೀವೂ ನೋಡಿ. ದಿನವೂ ‘ತಗೊಂಡಿರಾ’ ಎಂದು ಕೇಳುವ ಬದಲು ‘ಡಬ್ಬಿ ತೋರಿಸಿ ಅಪ್ಪಾ’ ಎಂದರೆ ಸಾಕು, ಬುಧವಾರದ ಬಟ್ಟಲು ಖಾಲಿಯಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಮೊಮ್ಮಕ್ಕಳು ರಜೆಗೆ ಬಂದಾಗ ಮಾತ್ರ ಅದು ಎತ್ತರದ ಕಪಾಟಿಗೆ ಹೋಗಬೇಕು. ಗ್ಲಿಮೆಪಿರೈಡಿನ ಒಂದೇ ಮಾತ್ರೆ ಸಣ್ಣ ಮಗುವಿನ ಜೀವಕ್ಕೆ ಅಪಾಯ.

ಬೆಲೆಯ ಕಾರಣಕ್ಕೆ ದಿನ ಬಿಟ್ಟು ದಿನ ತೆಗೆದುಕೊಳ್ಳುವ ಹಿರಿಯರೂ ಇದ್ದಾರೆ, ಮಗ ಹಣ ಕಳುಹಿಸುತ್ತಿದ್ದರೂ. ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ವಿಲ್ಡಾಗ್ಲಿಪ್ಟಿನ್‌ಗೆ 2019ರಲ್ಲಿ, ಡಾಪಾಗ್ಲಿಫ್ಲೋಜಿನ್‌ಗೆ 2020ರಲ್ಲಿ, ಸಿಟಾಗ್ಲಿಪ್ಟಿನ್‌ಗೆ 2022ರಲ್ಲಿ, ಎಂಪಾಗ್ಲಿಫ್ಲೋಜಿನ್‌ಗೆ 2025ರಲ್ಲಿ ಭಾರತದಲ್ಲಿ ಪೇಟೆಂಟ್ ಮುಗಿದು ಅನೇಕ ಕಂಪನಿಗಳು ಅಗ್ಗಕ್ಕೆ ತಯಾರಿಸುತ್ತಿವೆ. ಹಳೆಯ ಚೀಟಿಯ ದುಬಾರಿ ಹೆಸರನ್ನೇ ಇನ್ನೂ ಕೊಳ್ಳುತ್ತಿದ್ದಾರೆಯೇ ಎಂದು ಬಿಲ್ಲು ನೋಡಿ. ಜನೌಷಧಿ ಕೇಂದ್ರಗಳಲ್ಲಿ ಬೆಲೆ ಇನ್ನೂ ಕಡಿಮೆ. ಮೆಟ್‌ಫಾರ್ಮಿನ್‌ನಂಥ ಮೂಲ ಔಷಧಿಗಳು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ.

ಕಡೆಯದಾಗಿ, ವರ್ಷಗಳಿಂದ ಅಚ್ಚುಕಟ್ಟಾಗಿ ಔಷಧಿ ತೆಗೆದುಕೊಳ್ಳುತ್ತಿದ್ದವರು ಇತ್ತೀಚೆಗೆ ಗೊಂದಲಗೊಳ್ಳುತ್ತಿದ್ದರೆ ಅದು ಮರೆವಿನ ಕಾಯಿಲೆಯ ಮೊದಲ ಸೂಚನೆಯೂ ಆಗಿರಬಹುದು. ನೆನಪಿನ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನಗೆ 66. ತಿಂಗಳಿಗೆ ಎರಡು ಏಕಾದಶಿ ನಿರಾಹಾರ ಮಾಡುತ್ತೇನೆ. ಆ ದಿನ ಮಾತ್ರೆ ತೆಗೆದುಕೊಳ್ಳಬೇಕೇ? (ಉಡುಪಿ)

ಉತ್ತರ: ಯಾವ ಮಾತ್ರೆ ಎಂಬುದರ ಮೇಲೆ ನಿಂತಿದೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಇವನ್ನು ಊಟವಿಲ್ಲದ ದಿನ ತೆಗೆದುಕೊಂಡರೆ ಸಕ್ಕರೆ ಕುಸಿಯುತ್ತದೆ. ನೀರನ್ನೂ ಬಿಡುವ ಉಪವಾಸವಾದರೆ ಡಾಪಾಗ್ಲಿಫ್ಲೋಜಿನ್ ವರ್ಗದವು ಮೈಯ ನೀರನ್ನು ಬತ್ತಿಸುತ್ತವೆ. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಅಪಾಯಕ್ಕೆ ಇಳಿಯುವುದು ಅಪರೂಪ. ಮುಂದಿನ ಏಕಾದಶಿಗೆ ಮೊದಲೇ ವೈದ್ಯರಿಗೆ ತಿಳಿಸಿ, ದಶಮಿಯ ರಾತ್ರಿಯಿಂದ ದ್ವಾದಶಿಯ ಪಾರಣೆಯವರೆಗಿನ ಪಟ್ಟಿಯೊಂದನ್ನು ಬರೆಸಿಕೊಳ್ಳಿ. ರಂಜಾನ್ ಉಪವಾಸ ಮಾಡುವವರಿಗೆ ನಾವು ಹೀಗೆಯೇ ಮೊದಲೇ ಬದಲಾಯಿಸಿ ಕೊಡುತ್ತೇವೆ. ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿಕೊಳ್ಳಿ. ವ್ರತಭಂಗದ ಯೋಚನೆ ಅಂದು ಬೇಡ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಕೂಡ ತೆಗೆದುಕೊಳ್ಳುವವರಿಗೆ ಸಕ್ಕರೆಯ ಬದಲು ಗ್ಲೂಕೋಸ್ ಪುಡಿಯೇ ಬೇಕು, ಏಕೆಂದರೆ ಆ ಮಾತ್ರೆಗಳು ಸಕ್ಕರೆ ಒಡೆಯುವುದನ್ನು ತಡೆಯುತ್ತವೆ.

ಪ್ರಶ್ನೆ: ನಮ್ಮ ಅವ್ವನಿಗೆ ದಿನಕ್ಕೆರಡು ಸಲ 20 ಯುನಿಟ್ ಇನ್ಸುಲಿನ್. ಒಂದು ದಿನವೂ ತಪ್ಪಿಸಿಲ್ಲ. ಆದರೂ ಕಳೆದ ಎರಡು ತಿಂಗಳಿಂದ ಸಕ್ಕರೆ 300 ದಾಟುತ್ತಿದೆ. (ಗದಗ)

ಉತ್ತರ: ಸಿರಿಂಜಿನ ಟೋಪಿಯ ಬಣ್ಣ ನೋಡಿ ಹೇಳಿ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಬಹುಪಾಲು ಒಂದು ಮಿಲಿಲೀಟರಿಗೆ 40 ಯುನಿಟ್ಟಿನದು, ಅದಕ್ಕೆ ಕೆಂಪು ಟೋಪಿಯ ಸಿರಿಂಜು. ಕಿತ್ತಳೆ ಟೋಪಿಯದು 100 ಯುನಿಟ್ಟಿನ ಇನ್ಸುಲಿನ್ನಿಗೆ. ಅಂಗಡಿಯಲ್ಲಿ ಅದಲುಬದಲಾಗಿ ಕಿತ್ತಳೆಯದು ಬಂದಿದ್ದರೆ, 40ರ ಸೀಸೆಯಿಂದ 20ರ ಗೆರೆಯವರೆಗೆ ಎಳೆದರೂ ಅವ್ವನ ಮೈಗೆ ಸೇರುವುದು 8 ಯುನಿಟ್ ಮಾತ್ರ. ಇದರ ತಿರುಗುಮುರುಗು ಇನ್ನೂ ಕೆಟ್ಟದ್ದು: 100ರ ಇನ್ಸುಲಿನ್ನನ್ನು ಕೆಂಪು ಟೋಪಿಯದರಲ್ಲಿ 20ರ ಗೆರೆಗೆ ಎಳೆದರೆ 50 ಯುನಿಟ್ ಹೋಗುತ್ತದೆ. ಸೀಸೆಯ ಮೇಲಿನ ಅಂಕಿ ಮತ್ತು ಸಿರಿಂಜಿನ ಮೇಲಿನ ಅಂಕಿ ಒಂದೇ ಇರಬೇಕು. ಅದು ಸರಿಯಿದ್ದರೆ ಚುಚ್ಚುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಒಂದೇ ಕಡೆ ಚುಚ್ಚಿ ಗಂಟುಕಟ್ಟಿದ್ದರೆ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ. ಬಳಸಲು ಶುರುಮಾಡಿದ ಸೀಸೆಯನ್ನು ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಇಡಬಹುದು, ಆದರೆ ಗದಗಿನ ಬೇಸಿಗೆಗೆ ಫ್ರಿಜ್ಜಾಗಲಿ, ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಕುಡಿಕೆಯಾಗಲಿ ಬೇಕು. ಐಸ್ ಕಟ್ಟುವ ಪೆಟ್ಟಿಗೆಯಲ್ಲಿ ಇಟ್ಟ ಸೀಸೆಯನ್ನು ಬಳಸಬೇಡಿ. ಏನೇ ಕಂಡುಬಂದರೂ, 300 ದಾಟಿರುವುದರಿಂದ ತಡಮಾಡದೆ ತೋರಿಸಿ. ಸಿರಿಂಜು ಸರಿಪಡಿಸಿದ ದಿನದಿಂದ ಡೋಸ್ ಎಷ್ಟಿರಬೇಕೆಂಬುದನ್ನೂ ವೈದ್ಯರೇ ಹೇಳಲಿ.

ಪ್ರಶ್ನೆ: ಬೆಳಗಿನ ಮಾತ್ರೆ ಮರೆತದ್ದು ರಾತ್ರಿ ನೆನಪಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ? (ಹಲವರು)

ಉತ್ತರ: ಎಂದೂ ಬೇಡ. ಮೆಟ್‌ಫಾರ್ಮಿನ್ ಮರೆತಿದ್ದು ಮಧ್ಯಾಹ್ನ ನೆನಪಾದರೆ ಆ ಊಟದೊಂದಿಗೆ ತೆಗೆದುಕೊಳ್ಳಿ. ರಾತ್ರಿಯ ಸರದಿ ಹತ್ತಿರ ಬಂದಿದ್ದರೆ ಬೆಳಗಿನದನ್ನು ಬಿಟ್ಟುಬಿಡಿ. ಗ್ಲಿಮೆಪಿರೈಡ್ ಮರೆತದ್ದು ರಾತ್ರಿ ಹೊಳೆದರೆ ಅಂದಿಗೆ ಅದು ಹೋಯಿತೆಂದೇ ಲೆಕ್ಕ, ನಿದ್ರೆಯಲ್ಲಿ ಸಕ್ಕರೆ ಇಳಿದರೆ ಎಚ್ಚರಿಸುವವರಿರುವುದಿಲ್ಲ. ತೆಗೆದುಕೊಂಡೆನೋ ಇಲ್ಲವೋ ಎಂಬುದೇ ಅನುಮಾನವಾಗಿ, ಡಬ್ಬಿ ನೋಡಿದರೂ ಬಗೆಹರಿಯದಿದ್ದರೆ, ತೆಗೆದುಕೊಂಡಿದ್ದೇನೆ ಎಂದುಕೊಂಡು ಸುಮ್ಮನಿರಿ. ಬಿಟ್ಟುಹೋದ ದಿನಗಳನ್ನು ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆದು ಗುರುತಿಸಿ, ಮುಂದಿನ ಭೇಟಿಯಲ್ಲಿ ಆ ಹಾಳೆಯನ್ನೇ ಹರಿದು ತನ್ನಿ.